ಎಲ್ಲ ನಾರ್ಮಲ್ಲು

"ನಾನು ಬೀಪಿ ನೋಡಿದ ಬಸುರೀರೆಲ್ಲ ಸೋಬಾನೆ ಹಾಡ್ಕಂಡು ಹೆತ್ತವ್ರೆ ಕಣ್ಲಾ ಬಾಲ! ಒಬ್ಬಳಾದ್ರೂ 'ಅವ್ವಾ' ಅಂದಿದ್ರೆ ಕೇಳು!"

ಆಟೊ ಹಳ್ಳಕ್ಕಿಳಿದು ಎದ್ದರೂ ಕೆಂಪರಾಜುವಿನ ಮಾತು ಕುಲುಕಲಿಲ್ಲ. ಸಾತನೂರಿನಲ್ಲಿ ಶಾಮಿಯಾನದ ಅಂಗಡಿ ಇಟ್ಟವನು, ಸೇವಾ ಕ್ಲಬ್ಬಿನ ಸದಸ್ಯ. ಅವನು ಬಾಯಿ ತೆರೆದರೆ ಸರ್ಕಾರಿ ಬಸ್ಸುಗಳೂ ಮಾತು ಮುಗಿಯುವ ತನಕ ಸ್ಟಾಪು ಬಿಟ್ಟು ಕದಲುವುದಿಲ್ಲ ಎಂದು ಪ್ರತೀತಿ. ಪ್ರತೀತಿ ಹಬ್ಬಿಸಿದವನೂ ಅವನೇ. ಈಗ ಅವನ ತೊಡೆಯ ಮೇಲೆ ಕ್ಲಬ್ಬಿನ ಬೀಪಿ ಮಿಷಿನ್ನಿನ ಡಬ್ಬವಿತ್ತು.

"ಹಂಗಾದ್ರೆ ಬೈರಮ್ಮ ಫೋನಲ್ಲಿ ಯಾಕ್ಲಾ ಹಂಗೆ ಅಳ್ತಿದ್ಲು?" ಅಂದ ಆಟೊ ಬಾಲರಾಜು.

"ಸೊಸೆ ಮ್ಯಾಲೆ ಪ್ರೀತಿ ಕಣ್ಲಾ. ನಾನೊಂದು ಸುತ್ತು ಪಟ್ಟಿ ಸುತ್ತಿದ್ರೆ ಸಾಕು, ಬೀಪಿ ಹೆದರ್ಕಂಡು ತಾನೇ ಇಳೀತದೆ."

ಬಾಲರಾಜು ಗೇರು ಬದಲಿಸಿ ಇನ್ನೂ ಜೋರಾಗಿ ಓಡಿಸಿದ.

ಕಳೆದ ತಿಂಗಳು ಕ್ಲಬ್ಬು ಅಂಗನವಾಡಿಯ ಮುಂದೆ ಬಡ ಬಸುರಿಯರಿಗೆ ಸಾಮೂಹಿಕ ಸೀಮಂತ ಮಾಡಿತ್ತು. ಶಾಮಿಯಾನ ಕೆಂಪರಾಜುವಿನದು, ಬಿಟ್ಟಿ. ಆರತಿ, ಹಸಿರು ಬಳೆ, ಮಡಿಲಕ್ಕಿ, ಕೊನೆಯಲ್ಲಿ ಬೀಪಿ. ನರ್ಸು ಬರುವುದು ತಡವಾಯಿತು, ಫೋಟೊದವನಿಗೆ ಇನ್ನೊಂದು ಮದುವೆ ಮನೆಯ ಅವಸರ. ಯಾರದೋ ಬಿಳಿ ಕೋಟು ತೊಟ್ಟು ಕೆಂಪರಾಜುವೇ ಕುರ್ಚಿ ಹಿಡಿದ. ಬಳೆ ತೊಟ್ಟು ಬಂದವರ ತೋಳಿಗೆಲ್ಲ ಪಟ್ಟಿ ಸುತ್ತಿ, ಅಕ್ಷತೆ ಹಾಕಿದಷ್ಟೇ ಸಲೀಸಾಗಿ "ನಾರ್ಮಲ್ಲು" ಅಂದ. ಅವರು ಕೈ ಮುಗಿದು ಊಟಕ್ಕೆ ಎದ್ದರು. ನರ್ಸು ಬಂದಾಗ ಬಾಳೆಲೆ ಎತ್ತಿ ಆಗಿತ್ತು.

ಬೈರಮ್ಮ ಬಾಗಿಲಲ್ಲೇ ನಿಂತಿದ್ದಳು.

"ಆಶಾ ಕಾರ್ಯಕರ್ತೆ ಹುಡ್ಗಿ ಎರಡು ಕಿತ ಬಂದು ಆಸ್ಪತ್ರೆಗೆ ನಡೀರಿ ಅಂತು ಕಣಪ್ಪ. ಕ್ಲಬ್ಬಿನ ದೊಡ್ಡೋರೇ ನೋಡಿ ನಾರ್ಮಲ್ಲು ಅಂದವ್ರೆ, ನಿಂದೇನವ್ವ ಅಂತ ನಾನೇ ಬೈದು ಕಳಿಸ್ಬುಟ್ಟೆ. ಮಗ ಬಿಡದೀಲಿ ಡ್ಯೂಟೀಲವ್ನೆ. ನೀನೇ ಇನ್ನೊಂದು ಕಿತ ಒಸಿ ನೋಡು. ನೀನು ಹೂಂ ಅಂದ್ರೆ ನಂಗೆ ನೆಮ್ದಿ."

ಸೊಸೆ ಪುಟ್ಟಿ ಗೋಡೆಗೊರಗಿ ಕೂತಿದ್ದಳು. ಮುಖ ಊದಿ ಕಣ್ಣು ಗೀರಿನಷ್ಟಾಗಿದ್ದವು. ಸೀಮಂತದ ದಿನ ಮೊಣಕೈವರೆಗೂ ಜಾರುತ್ತಿದ್ದ ಹಸಿರು ಬಳೆಗಳು ಈಗ ಮಣಿಕಟ್ಟಿನ ಮಾಂಸದಲ್ಲಿ ಹೂತಿದ್ದವು.

"ತಲೆ ಸಿಡೀತದೆ ಅಣ್ಣ. ಬಾಗ್ಲಲ್ಲಿ ಇಬ್ರು ಅತ್ತೆ ಕಾಣ್ತಾವ್ರೆ."

"ಒಬ್ಬತ್ತೆ ಕಾಟಾನೇ ತಡ್ಯಾಕಾಗಕಿಲ್ಲ, ಇಬ್ರಾ!" ಎಂದು ಕೆಂಪರಾಜು ನಕ್ಕ. ಆ ನಗು ಅವನೊಬ್ಬನದೇ ಆಗಿ ಉಳಿಯಿತು.

ಪಟ್ಟಿ ಸುತ್ತಿದ. ಗುಂಡಿ ಒತ್ತಿದ. ಒಳಕೋಣೆಯಲ್ಲಿ ರೇಷ್ಮೆಹುಳು ಸೊಪ್ಪು ಮೇಯುವ ಸದ್ದು ಬಿಟ್ಟರೆ ಮನೆಯಲ್ಲಿ ಬೇರೆ ಸದ್ದಿಲ್ಲ.

"ನಾರ್ಮ..."

"ಅಣ್ಣ," ಪುಟ್ಟಿ ತಡೆದಳು. "ಆಸ್ಪತ್ರೇಲಿ ಇದನ್ನ ಸುತ್ತಿದಾಗ ಗುರ್ ಅಂತ ತೋಳು ಹಿಂಡ್ತಿತ್ತು. ಅವತ್ತು ನೀನು ಸುತ್ತಿದಾಗ ಹಿಂಡ್ಲಿಲ್ಲ. ಇವತ್ತೂ ಹಿಂಡ್ತಿಲ್ಲ. ಯಾಕಣ್ಣ?"

ಅವನ ನಾಲಗೆಯ ಮೇಲೆ ಸಾವಿರ ಉತ್ತರಗಳು ಸಾಲುಗಟ್ಟಿದವು. ಇದು ಜಪಾನಿನದು, ಸದ್ದು ಮಾಡಕಿಲ್ಲ. ಒಳ್ಳೇ ಬೀಪಿಗೆ ಹಿಂಡೋ ಅಗತ್ಯವೇ ಇಲ್ಲ. ಬಾಯಿ ತೆರೆದ. ಬೈರಮ್ಮ ಆಗಲೇ ಕೈ ಮುಗಿಯಲು ಎರಡೂ ಅಂಗೈ ಹತ್ತಿರ ತಂದಿದ್ದಳು.

"ಕೈ ಮುಗೀಬ್ಯಾಡ ಕಣವ್ವ," ಅಂದ. ದನಿ ಅವನದಲ್ಲವೆಂಬಂತೆ ಸಣ್ಣಗಿತ್ತು. "ಅವತ್ತು ಮಿಷಿನ್ನಿಗೆ ಸೆಲ್ಲೇ ಹಾಕಿರ್ಲಿಲ್ಲ. ಇವತ್ತೂ ಇಲ್ಲ. ಹಾಕಿದ್ರೂ ನಂಗೆ ನೋಡಾಕೆ ಬರಾಕಿಲ್ಲ. ಸೀಮಂತಕ್ಕೆ ಬಂದಿದ್ದ ಒಬ್ಬಳದೂ ನೋಡಿಲ್ಲ ನಾನು."

ಹೊರಗೆ ಬಾಲರಾಜು ಆಗಲೇ ಆಟೊವನ್ನು ಆಸ್ಪತ್ರೆಯ ದಾರಿಗೆ ತಿರುಗಿಸಿ ನಿಲ್ಲಿಸಿದ್ದ. ಬೈರಮ್ಮ ಹರಳೆಣ್ಣೆಯ ಬಟ್ಟಲು ತಂದು ಸೊಸೆಯ ಮಣಿಕಟ್ಟಿಗೆ ಸವರಿ, ಬಳೆ ಜಾರಿಸಲು ನೋಡಿದಳು. ಒಂದೂ ಅಲುಗಲಿಲ್ಲ.