ಮೂರು ಬೆರಳಗಲದ ಮಡಿಕೆ

ಇಸ್ತ್ರಿಪೆಟ್ಟಿಗೆ ಇನ್ನೂ ಸರಿಯಾಗಿ ಕಾದಿಲ್ಲ, ಮಗಳ ಶಾಲೆಯ ಲಂಗದ ಅಂಚು ಮತ್ತೆ ಸುರುಟಿಕೊಂಡಿದೆ, ಹೊರಗೆಲ್ಲ ಮಾಸಿದೆ, ಮಡಿಕೆಯ ಒಳಗೆ ಮಾತ್ರ ಕೊಂಡ ದಿನದ ಕಡುನೀಲಿ, ಮೂರು ಬೆರಳಗಲ, ಅಕ್ಕ ಹೊಲಿಯುವಾಗ ಬೇಕೆಂದೇ ಬಿಟ್ಟದ್ದು, ನಿನ್ನ ಮಗಳು ಬಳ್ಳಿ ಹಾಗೆ ಬೆಳೀತಾಳೆ ಕಣೇ, ವರ್ಷಕ್ಕೊಂದು ಬೆರಳು ಬಿಚ್ಚು ಸಾಕು — ಅಕ್ಕನ ಕೈಯೇ ಹಾಗೆ, ನಾಳೆಯದನ್ನು ಒಳಗೆ ಮಡಿಸಿ ಹೊಲಿದಿಡುವುದು, ಹೊಲಿಗೆ ಅಂಗಡಿ ತೆರೆದ ವರ್ಷವೇ ಆರೋಗ್ಯ ವಿಮೆ ಮಾಡಿಸಿದ್ದಳು, ನಾವೆಲ್ಲ ನಕ್ಕಿದ್ದೆವು — ಫೋನು, ಈ ಹೊತ್ತಿಗೆ ಯಾರು, ವಿಮಾ ಕಂಪನಿಯವಳು, ಹೋದ ವಾರ ಹಣ ಕೊಡೋಕಾಗಲ್ಲ ಎಂದವರು ಇವರೇ, ಗುಣವಾಗದ ಕಾಯಿಲೆಗೆ ಆಸ್ಪತ್ರೆ ಯಾಕೆ ಮೇಡಂ, ಮನೇಲೇ ನೋಡ್ಕೋಬಹುದಲ್ವಾ, ನೋಡಿಕೊಂಡೆನಲ್ಲ, ಆಸ್ಪತ್ರೆಗೆ ಸೇರಿಸುವ ಮುಂಚೆ ಹನ್ನೊಂದು ದಿನ, ಮಗುವಿಗೆ ಕೇಳಿಸಬಾರದೆಂದು ಅಕ್ಕ ದಿಂಬು ಕಚ್ಚಿಕೊಂಡು ಮಲಗಿದ್ದಳು, ಆಸ್ಪತ್ರೆಯಲ್ಲಿ ಆ ಪುಟ್ಟ ಪಂಪು ಹನಿಹನಿಯಾಗಿ ನೋವಿನ ಔಷಧಿ ಬಿಡತೊಡಗಿದ ಮಾರನೆಯ ದಿನವೇ ಎದ್ದು ಕೂತು ನರ್ಸಮ್ಮನ ಅಂಗಿಯ ತೋಳು ಎಳೆದು ನೋಡಿದಳು, ಇದನ್ನ ಹೊಲಿದವನಿಗೆ ನಿನ್ನ ಮೇಲೆ ಏನಮ್ಮಾ ಸಿಟ್ಟು, ವಾರ್ಡೆಲ್ಲ ನಗು, ನೋವು ತೆಗೆಯೋದೂ ಚಿಕಿತ್ಸೆನೇ ಎಂದು ಡಾಕ್ಟರು ಕಂಪನಿಗೆ ಎರಡು ಪುಟ ಬರೆದುಕೊಟ್ಟರು — ಒಪ್ಪಿಗೆ ಸಿಕ್ಕಿದೆ ಮೇಡಂ, ಕೊನೇವರೆಗೂ ಅದೇ ವಾರ್ಡಲ್ಲಿ ಇರ್ಬಹುದು, ಒಂದೇ ಒಂದು ಮಾತು, ರೆಕಾರ್ಡ್ ಆಗ್ತಿದೆ, ಈ ಚಿಕಿತ್ಸೆ ಗುಣ ಮಾಡೋಕಲ್ಲ ಅಂತ ನಿಮಗೆ ಗೊತ್ತಿದೆ ತಾನೇ, ಬಾಯಿಬಿಟ್ಟು ಹೇಳ್ಬೇಕು — ಗೊತ್ತಿದೆ, ಗುಣ ಮಾಡೋಕಲ್ಲ, ನನ್ನದೇ ದನಿ, ಈ ಮನೆಯಲ್ಲಿ ಇದುವರೆಗೆ ಯಾರೂ ಆಡದ ಮಾತು, ಆಡಿದ ಮೇಲೆ ಮೈ ಹಗುರ, ಇನ್ನು ಅವಳು ದಿಂಬು ಕಚ್ಚಬೇಕಿಲ್ಲ, ಸಂಜೆ ಸೂಜಿ ದಾರ ತಾ ಎಂದಿದ್ದಾಳೆ ಅಕ್ಕ, ಹುಡುಗೀನೂ ಕರ್ಕೊಂಡು ಬಾ, ಅಂಚು ಬಿಚ್ಚೋದು ಅವಳಿಗಾದ್ರೂ ಕಲಿಸ್ತೀನಿ, ನೀನಂತೂ ಮೊದ್ದು — ತಿರುಗಿದರೆ ಬಾಗಿಲಲ್ಲಿ ಮಗಳು, ಒಂದು ಕಾಲುಚೀಲ ಕಾಲಲ್ಲಿ, ಇನ್ನೊಂದು ಕೈಯಲ್ಲಿ, ಎಲ್ಲ ಕೇಳಿಸಿಕೊಂಡಿದ್ದಾಳೆ, ತಿಂಗಳಿಂದ ಒಂದು ಪ್ರಶ್ನೆಯನ್ನು ಕಣ್ಣಲ್ಲೇ ಇಟ್ಟುಕೊಂಡು ತಿರುಗಿದ್ದಾಳೆ, ಹುಷಾರಾಗ್ತಾರೆ ಬಿಡು ಬಿಡು ಎಂದು ನಾನು ಮುಚ್ಚಿದ್ದೇ ಮುಚ್ಚಿದ್ದು, ಇಸ್ತ್ರಿಪೆಟ್ಟಿಗೆ ಕಾದಿದೆ, ಬೆರಳ ಕೆಳಗೆ ಮಡಿಕೆ, ಮಾಸದ ನೀಲಿ, ಮೂರು ಬೆರಳಗಲ, ಒಂದನ್ನೂ ಇನ್ನೂ ಬಿಚ್ಚಿಲ್ಲ — ಅಮ್ಮಾ, ದೊಡ್ಡಮ್ಮ ಸತ್ತೋಗ್ತಾರಾ?