ಓಣಿಗೆ ಮಾಡಿದ ಟಚಿಂಗ್

ಬಂಗಾರಪೇಟೆಯ ಸ್ಟೇಷನ್ ರಸ್ತೆಯಲ್ಲಿ ನಾನು ಸ್ಟುಡಿಯೋ ಇಟ್ಟು ಹದಿನಾರು ವರ್ಷವಾಗಿತ್ತು. ಅಷ್ಟು ವರ್ಷದಲ್ಲಿ ಒಬ್ಬನೇ ಒಬ್ಬ ಗಿರಾಕಿ ಬಂದು, ಆಂಜಿನಪ್ಪ, ನಾನು ಹೇಗಿದ್ದೇನೋ ಹಾಗೇ ತೆಗೆಯಪ್ಪಾ ಅಂದದ್ದಿಲ್ಲ. ಹೆಣ್ಣಿನ ಕಡೆಯವರಿಗೆ ಬಿಳುಪು ಬೇಕು, ಗಂಡಿನ ಕಡೆಯವರಿಗೆ ಕೂದಲು ಬೇಕು, ತೀರಿಕೊಂಡವರ ಫೋಟೋ ತರುವವರಿಗೆ ಅವರು ಕಣ್ಣು ಬಿಟ್ಟಿರಬೇಕು. ಕೂದಲು, ಕಣ್ಣುಗಳನ್ನು ಪ್ರಿಂಟಿನ ಮೇಲೆ ಕುಂಚದಲ್ಲಿ ಬರೆಯುತ್ತಿದ್ದೆ, ಉಳಿದದ್ದನ್ನೆಲ್ಲ ನೆಗೆಟಿವ್ ಮೇಲೆ ಪೆನ್ಸಿಲಿನಲ್ಲಿ ಮಾಡುತ್ತಿದ್ದೆ. ನಮ್ಮ ಕಸುಬಿನಲ್ಲಿ ಅದಕ್ಕೆ ಟಚಿಂಗ್ ಅನ್ನುತ್ತಾರೆ. ನೆಗೆಟಿವ್‌ನಲ್ಲಿ ಕಪ್ಪು ಬಿಳಿ ಅದಲುಬದಲಾಗಿರುತ್ತದಲ್ಲ, ಮಚ್ಚೆ ಇರುವ ಜಾಗ ಅಲ್ಲಿ ತಿಳಿಯಾಗಿ ಕಾಣುತ್ತದೆ. ಅದರ ಮೇಲೆ ಪೆನ್ಸಿಲ್ ಮೊನೆ ಆಡಿಸಿದರೆ ಕಾಗದದ ಮೇಲೆ ಮಚ್ಚೆ ಮಾಯ. ಇಡೀ ತಾಲ್ಲೂಕಿನಲ್ಲಿ ನನ್ನಷ್ಟು ನಯವಾಗಿ ಮೊಡವೆ ತೆಗೆಯುವವನು ಇನ್ನೊಬ್ಬನಿರಲಿಲ್ಲ. ಇದನ್ನು ನಾನೇ ಹೇಳಬೇಕಾಗಿದೆ, ಯಾಕೆಂದರೆ ಬೇರೆ ಯಾರೂ ಹೇಳಲಿಲ್ಲ.

ಆದರೆ ನನಗೆ ಮುಖಗಳೆಂದರೆ ಅಷ್ಟಕ್ಕಷ್ಟೆ. ನನ್ನ ಆಸೆಯೆಲ್ಲ ಕಟ್ಟಡ, ಬಯಲು, ದಿಬ್ಬಗಳ ಮೇಲೆ. ಭಾನುವಾರ ಮಾರಿಕುಪ್ಪಂ ರೈಲು ಹತ್ತಿ ಹೋಗಿ ಚಿನ್ನದ ಗಣಿಯ ಬಂಗಲೆಗಳನ್ನೂ ಚಿನ್ನ ತೆಗೆದು ಸುರಿದ ಮಣ್ಣಿನ ಬೂದಿ ಬಣ್ಣದ ಸೈನೈಡ್ ದಿಬ್ಬಗಳನ್ನೂ ತೆಗೆದುಕೊಂಡು ಬರುತ್ತಿದ್ದೆ. ಗಣಿಯ ಕೋರಮಂಡಲ್ ಬಡಾವಣೆಯಲ್ಲಿದ್ದ ಒಬ್ಬ ಬಿಳಿಯ ದೊರೆ ಆಸ್ಟ್ರೇಲಿಯಾಕ್ಕೆ ಹೊರಟಾಗ ತನ್ನ ಕ್ಯಾಮೆರಾವನ್ನು ನನಗೆ ಕೊಟ್ಟು ಹೋಗಿದ್ದ. ಅದಕ್ಕೆ ಲೆನ್ಸುಗಳು ಜೋಡಿಯಲ್ಲಿ ಬರುತ್ತವೆ, ಮೇಲಿನದು ನೋಡುವುದಕ್ಕೆ, ಕೆಳಗಿನದು ಹಿಡಿಯುವುದಕ್ಕೆ. ಅಂಥ ಮೂರು ಜೋಡಿ. ವೈಡ್ ಹಾಕಿ ಹತ್ತಿರ ನಿಂತರೆ ಮುಂದಿರುವುದು ಹಿಗ್ಗುತ್ತದೆ, ಹಿಂದಿರುವುದು ಎಲ್ಲೋ ಓಡಿಹೋಗುತ್ತದೆ. ಟೆಲಿ ಹಾಕಿ ದೂರ ನಿಂತರೆ ಹಿಂದಿನದೂ ಮುಂದಿನದೂ ಒಂದರ ಬೆನ್ನಿಗೊಂದು ಅಂಟಿಕೊಳ್ಳುತ್ತವೆ. ಮೂರನೆಯದು ನಾರ್ಮಲ್. ಅದು ಇದ್ದದ್ದನ್ನು ಇದ್ದ ಹಾಗೆ ತೋರಿಸುವುದರಿಂದ ಅದಕ್ಕೆ ಹೆಚ್ಚು ಕೆಲಸವಿರಲಿಲ್ಲ.

ಎಂಬತ್ತನಾಲ್ಕರಲ್ಲಿ ಕ್ಯಾಸಂಬಳ್ಳಿ ಪಕ್ಕದ ಒಂದು ಹಳ್ಳಿಯಿಂದ ಚಿಕ್ಕಮುನಿಯಪ್ಪ ಎಂಬುವರು ಬಂದರು. ವಯಸ್ಸು ಅರವತ್ತರ ಹತ್ತಿರ, ಮೀಸೆ ಮಾತ್ರ ನಲವತ್ತರದ್ದು. ಅವರ ಮನೆಗೂ ಅವರದೇ ಕೊಟ್ಟಿಗೆಗೂ ನಡುವೆ ಒಂದು ಓಣಿ. ಅದನ್ನು ಮುಚ್ಚಿ, ಮೇಲೆ ಶೀಟು ಹಾಕಿ, ರಾಗಿ ಬೀಸುವ ಮಿಷನ್ ಇಡಬೇಕೆಂದು ಅವರ ಆಸೆ. ಓಣಿಯ ಹಿಂದೆ ಅವರ ಅತ್ತಿಗೆಯ ಮನೆ. ಆಕೆ ಓಣಿ ತನ್ನ ದಾರಿಯೆಂದು ಕೋರ್ಟಿಗೆ ಹೋಗಿದ್ದಳು.

"ಅದು ದಾರೀನೇ ಅಲ್ಲ ಕಣಪ್ಪಾ. ಎರಡು ಗೋಡೆ ಮಧ್ಯ ಒಂದು ಸಂದು. ಅದು ಸಂದು ಅಂತ ಜಡ್ಜ್ ಸಾಮಿಗೆ ಕಾಣ್ಬೇಕು," ಅಂದರು.

ಹದಿನಾರು ವರ್ಷದಲ್ಲಿ ಮೊದಲ ಸಲ ಒಬ್ಬ ಮನುಷ್ಯ ಬಂದು ಗೋಡೆಯ ಫೋಟೋ ತೆಗೆಯಿರಿ ಎಂದಿದ್ದ. ನನಗೆ ಆದ ಸಂತೋಷದಲ್ಲಿ ನ್ಯಾಯ ಯಾರ ಕಡೆ ಅಂತ ಕೇಳುವುದು ಮರೆತೇಹೋಯಿತು. ಟೆಲಿ ಹಾಕಿಕೊಂಡು ಕೆರೆ ಏರಿಯವರೆಗೆ ಹಿಂದೆ ನಡೆದೆ. ನೇರವಾಗಿ ನಿಂತರೆ ಓಣಿ ಕಾಣುತ್ತಿತ್ತು. ನಾಲ್ಕು ಹೆಜ್ಜೆ ಓರೆಗೆ ಸರಿದೆ, ಮನೆಯ ಮೂಲೆ ಬಂದು ಕೊಟ್ಟಿಗೆಯ ಗೋಡೆಯ ಮೇಲೆ ಕೂತಿತು. ನಡುವೆ ಉಳಿದದ್ದು ಒಂದು ಗೀರು. ಪ್ರಿಂಟ್ ಹಾಕುವಾಗ ಆ ಗೀರಿಗೆ ಮಾತ್ರ ಬೆಳಕನ್ನು ಜಾಸ್ತಿ ಹೊತ್ತು ಬಿಟ್ಟೆ, ಅದು ಇದ್ದಿಲಿನಂತೆ ಕಪ್ಪಗಾಯಿತು. ಅಲ್ಲಿ ದಾರಿಯಿದೆ ಅನ್ನುವುದಿರಲಿ, ಬೆಕ್ಕು ಕೂಡ ಒಳಗೆ ಹೋಗುವ ಮೊದಲು ಯೋಚನೆ ಮಾಡುತ್ತಿತ್ತು. ಚಿಕ್ಕಮುನಿಯಪ್ಪ ಫೋಟೋ ನೋಡಿ ತಮ್ಮ ಮನೆಯೇ ಹೌದಾ ಎಂದು ಎರಡು ಸಲ ಕೇಳಿದರು. ಹಿಂದೆ ಸ್ಟುಡಿಯೋ ಸೀಲು ಒತ್ತಿ ಕೊಟ್ಟೆ. ಒಂದು ಪ್ರತಿಯನ್ನು ಅಂಗಡಿಯ ಗಾಜಿನೊಳಗೆ ಮದುವೆ ಹೆಣ್ಣುಗಳ ಮಧ್ಯೆ ನೇತುಹಾಕಿದೆ. ಅದ್ಯಾವ ಕೋಟೆ ಎಂದು ಇಬ್ಬರು ಕೇಳಿದರು.

ತಿಂಗಳು ಕಳೆದ ಮೇಲೆ ಅತ್ತಿಗೆಯೇ ಬಂದಳು, ಅಕ್ಕಯ್ಯಮ್ಮ. ತನ್ನ ವಕೀಲರಿಂದ ಇಸಿದುಕೊಂಡು ಸೆರಗಿನಲ್ಲಿ ಸುತ್ತಿ ತಂದಿದ್ದ ಅದೇ ಫೋಟೋವನ್ನು ಕೌಂಟರಿನ ಮೇಲಿಟ್ಟಳು.

"ಇದು ನೀವು ತೆಗ್ದಿದ್ದಾ ಅಣ್ಣಾ?"

"ಹೌದಕ್ಕಾ."

"ಚೆನ್ನಾಗ್ ತೆಗ್ದಿದೀರ. ಇದ್ರಾಗೆ ನಾನು ಮನೇಗೆ ಓಗೋದೆಂಗೆ ಅಂತ ನನಗೇ ತಿಳೀತಿಲ್ಲ."

ಆಕೆ ಬೈದಿದ್ದರೆ ಚೆನ್ನಾಗಿತ್ತು. ಗಂಡ ಗಣಿಯಲ್ಲಿ ಕೆಲಸಕ್ಕಿದ್ದವನು, ತೀರಿಕೊಂಡು ಆರು ವರ್ಷ. ಮೂರು ಸೀಮೆ ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕಿ ಬದುಕುತ್ತಿದ್ದಳು. ಮನೆಯ ಹಿಂದೆ ಬಂಡೆ, ಎರಡು ಪಕ್ಕ ಬೇರೆಯವರ ಹಿತ್ತಲು. ಓಣಿ ಮುಚ್ಚಿದರೆ ಆಕೆ ಹೇಗೋ ಬೇಲಿ ನುಸುಳಿ ಬರಬಹುದು, ಹಸುಗಳು ಬರಲಾರವು. ಅವನ್ನು ಮಾರಬೇಕು, ಮಾರಿದರೆ ಕೂಲಿಗೆ ಹೋಗಬೇಕು. ಮುಂದಿನ ತಿಂಗಳೇ ಕೇಸು ಹಿಯರಿಂಗಿಗೆ ಇತ್ತು.

"ನನಗೂ ಒಂದು ತೆಗೀರಿ. ದನ ಓಗ್ತಾವೆ ಅಂತ ಕಂಡ್ರೆ ಸಾಕು," ಅಂದಳು.

ಮರುದಿನವೇ ಹೋದೆ. ಈ ಸಲ ವೈಡ್. ಓಣಿಯ ಬಾಯಲ್ಲಿ ಕುಕ್ಕರಗಾಲಿನಲ್ಲಿ ಕೂತೆ. ಅಗಲ ಐದಡಿ ಇದ್ದದ್ದು ನೋಡುನೋಡುತ್ತಾ ರಾಜಬೀದಿಯಾಯಿತು. ಗೋಡೆಗಳು ಮಾತ್ರ ಮೇಲೆ ಹೋಗುತ್ತಾ ಒಂದರ ಕಡೆಗೊಂದು ವಾಲುತ್ತಿದ್ದವು. ಅದಕ್ಕೂ ಮದ್ದಿದೆ. ಪ್ರಿಂಟ್ ಹಾಕುವಾಗ ಕಾಗದದ ಹಲಗೆಯ ಕೆಳಗೆ ಒಂದು ಬದಿಗೆ ಎರಡು ಬೆಂಕಿಪೊಟ್ಟಣ ಇಟ್ಟು ಓರೆ ಮಾಡಿದರೆ ಗೋಡೆಗಳು ಅಟೆನ್ಷನ್ನಿನಲ್ಲಿ ನಿಲ್ಲುತ್ತವೆ.

ಇನ್ನು ಉಳಿದದ್ದು ಗೋಡೆಯ ಮೇಲಿನ ಗಲೀಜು. ಚಿಕ್ಕಮುನಿಯಪ್ಪನವರ ಮನೆಯ ಕಡೆಯ ಗೋಡೆಯುದ್ದಕ್ಕೂ ಸೊಂಟದೆತ್ತರದಲ್ಲಿ ಒಂದು ಕಂದು ಪಟ್ಟೆ, ಅದರ ಮೇಲೆ ಭುಜದೆತ್ತರದಲ್ಲಿ ಅಲ್ಲಲ್ಲಿ ಕಪ್ಪು ಕಲೆ. ಒಳ್ಳೆ ಬೆಳಕು, ಒಳ್ಳೆ ಗೋಡೆ, ಮಧ್ಯದಲ್ಲಿ ಈ ಕೊಳೆ. ಅಕ್ಕಯ್ಯಮ್ಮನ ವಿಷಯದಲ್ಲಿ ನನಗೆ ಪಾಪಪ್ರಜ್ಞೆ ಬೇರೆ ಇತ್ತು, ಆಕೆಯ ಫೋಟೋವನ್ನು ಚಿಕ್ಕಮುನಿಯಪ್ಪನವರದಕ್ಕಿಂತ ಚೆನ್ನಾಗಿ ಮಾಡಿಕೊಡಬೇಕೆಂದುಕೊಂಡೆ. ಎರಡು ಮಧ್ಯಾಹ್ನ ಕೂತು ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿದೆ. ಗೋಡೆ ಮದುವೆ ಹೆಣ್ಣಿನ ಕೆನ್ನೆಯಂತೆ ಬಂತು. ಸೀಲು ಒತ್ತಿ ಕೊಟ್ಟೆ.

ಹಿಯರಿಂಗಿಗೆ ನಾಲ್ಕು ದಿನವಿದ್ದಾಗ ಆಕೆ ಮತ್ತೆ ಬಂದಳು. ಕೋರ್ಟಿನ ಕಮಿಷನರು ಹೋಗಿ ಜಾಗ ನೋಡಿದ್ದರಂತೆ. ಅವರು ಹೋಗುವ ಹಿಂದಿನ ವಾರ ಚಿಕ್ಕಮುನಿಯಪ್ಪ ಓಣಿಯ ಗೋಡೆಗೆಲ್ಲ ಸುಣ್ಣ ಹೊಡೆಸಿದ್ದರಂತೆ. ದನಕರು ಓಡಾಡಿದ ಯಾವ ಗುರುತೂ ಇಲ್ಲವೆಂದು ಕಮಿಷನರು ಬರೆದುಕೊಂಡರಂತೆ.

"ನಲವತ್ತು ವರ್ಸ ದನ ಮೈ ಉಜ್ಕೊಂಡು ಓಡಾಡಿದ ಪಟ್ಟೆ ಇತ್ತು ಅಣ್ಣಾ. ಸುಣ್ಣ ಬಳಿದ್ರೇನು, ಆಂಜಿನಪ್ಪಣ್ಣನ ಪಟದಾಗೆ ಇರ್ತೈತೆ ಅಂತ ಧೈರ್ಯವಾಗಿದ್ದೆ. ವಕೀಲ್ರು ತೋರ್ಸಿದ್ರು. ನಿಮ್ ಪಟದಾಗೆ ಓಣಿ ಗೋಡೆ ಸುಣ್ಣಕ್ಕಿಂತ ಬೆಳ್ಳಗೈತೆ."

ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ. ಚಿಕ್ಕಮುನಿಯಪ್ಪನಿಗೆ ಸುಣ್ಣಕ್ಕೂ ಬ್ರಷ್ಷಿಗೂ ಖರ್ಚಾಗಿತ್ತು, ನಾನು ಅದೇ ಕೆಲಸವನ್ನು ಒಂದು ಪೆನ್ಸಿಲಿನಲ್ಲಿ, ಆಕೆಯ ಕಡೆಯವನಾಗಿ, ಪ್ರೀತಿಯಿಂದ ಮಾಡಿಕೊಟ್ಟಿದ್ದೆ. ನಾಚಿಕೆಯಿಂದ ನನಗೆ ಆಕೆಯ ಮುಖ ನೋಡಲಾಗಲಿಲ್ಲ. ಪೆನ್ಸಿಲ್ ಕೆಲಸವನ್ನು ಟರ್ಪೆಂಟೈನ್ ಹತ್ತಿಯಲ್ಲಿ ಒರೆಸಿದರೆ ಹೋಗುತ್ತದೆ. ಹಾಗಂತ ಒರೆಸಿ ಹೊಸ ಪ್ರಿಂಟ್ ಕೊಟ್ಟರೆ, ಮೊದಲಿಲ್ಲದ ಪಟ್ಟೆ ಈಗ ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಬಹಳ ಹೊತ್ತು ಯೋಚಿಸಿ, ನೆಗೆಟಿವ್‌ನಲ್ಲಿ ಅರ್ಧ ಮಾತ್ರ ಒರೆಸಿದೆ. ಪ್ರಿಂಟ್ ಹಾಕಿದರೆ ಪಟ್ಟೆ ಓಣಿಯ ಬಾಯಿಂದ ನಡುವಿನವರೆಗೆ ಬಂದು ಅಲ್ಲಿಗೆ ನಿಂತಿತ್ತು, ಹಸುಗಳು ಅರ್ಧ ದಾರಿ ನಡೆದು ಅಲ್ಲಿಂದಾಚೆ ಹಾರಿಕೊಂಡು ಮನೆಗೆ ಹೋದ ಹಾಗೆ.

ಕೋರ್ಟಿನಲ್ಲಿ ನನ್ನನ್ನು ಎರಡು ಕಡೆಯವರೂ ಸಾಕ್ಷಿಯೆಂದು ಕರೆಸಿದ್ದರು. ಇಂಥ ಗೌರವ ನಮ್ಮ ಮನೆತನದಲ್ಲಿ ಯಾರಿಗೂ ಸಿಕ್ಕಿರಲಿಲ್ಲ. ಮುನ್ಸೀಫರು ಎರಡು ಫೋಟೋಗಳನ್ನೂ ಪಕ್ಕಪಕ್ಕ ಇಟ್ಟುಕೊಂಡು, ತಿರುಗಿಸಿ ಎರಡರ ಹಿಂದಿನ ಸೀಲನ್ನೂ ನೋಡಿದರು. ವಯಸ್ಸಾದವರು, ದನಿ ಎತ್ತರಿಸುವ ಅಭ್ಯಾಸವಿರಲಿಲ್ಲ.

"ಎರಡೂ ಒಂದೇ ಓಣಿಯೇನಪ್ಪಾ?"

"ಒಂದೇ ಸ್ವಾಮಿ."

"ಇದರಲ್ಲಿ ಕೋಳಿ ಹೋಗುವುದಿಲ್ಲ. ಇದರಲ್ಲಿ ಬಸ್ಸು ತಿರುಗಿಸಬಹುದು. ನಿಜ ಯಾವುದು?"

"ಎರಡೂ ನಿಜ ಸ್ವಾಮಿ. ನಾನು ನಿಂತ ಜಾಗ ಬೇರೆ ಬೇರೆ."

ಯಾರೋ ನಕ್ಕರು. ಮುನ್ಸೀಫರು ನಗಲಿಲ್ಲ. ನಾನು ಜೇಬಿನಿಂದ ನೆಗೆಟಿವನ್ನೂ ಹೊಸ ಪ್ರಿಂಟನ್ನೂ ತೆಗೆದು, ಪಟ್ಟೆಯ ವಿಷಯವನ್ನೆಲ್ಲ ಹೇಳಿದೆ.

"ಅಳಿಸು ಎಂದು ಹೇಳಿದವರು ಯಾರು?"

"ಯಾರೂ ಹೇಳಲಿಲ್ಲ ಸ್ವಾಮಿ. ಗಲೀಜು ಕಂಡ್ರೆ ನನ್ ಕೈ ಸುಮ್ನಿರಲ್ಲ."

ಚಿಕ್ಕಮುನಿಯಪ್ಪನ ವಕೀಲರು ಎದ್ದರು. ಅಳಿಸುವುದಕ್ಕೆ ಬರುವವನಿಗೆ ಬರೆಯುವುದಕ್ಕೂ ಬರುತ್ತದೆ, ಈ ಪಟ್ಟೆಯನ್ನು ನಿನ್ನೆ ಇವನೇ ಬರೆದಿದ್ದಾನೆ, ಮುಖ ತಿದ್ದುವವನ ಮಾತಿಗೆ ಬೆಲೆಯೇನು ಎಂದರು. ಆ ವಕೀಲರ ಮಗಳ ಫೋಟೋಗೂ ನಾನೇ ಟಚಿಂಗ್ ಮಾಡಿದ್ದೆ. ಅದನ್ನು ಹೇಳಲಿಲ್ಲ, ಹುಡುಗಿಗೆ ಇನ್ನೂ ಗಂಡು ಗೊತ್ತಾಗಿರಲಿಲ್ಲ.

"ಪೆನ್ಸಿಲ್ಲು ಬೆಳ್ಳಗೆ ಮಾಡ್ತೈತೆ ಅಷ್ಟೇ ಸ್ವಾಮಿ. ಕಪ್ಪು ಮಾಡ್ಬೇಕಂದ್ರೆ ಬ್ಲೇಡಲ್ಲಿ ಕೆರೀಬೇಕು, ಕೆರೆದ್ರೆ ಗಾಯ ಕಾಣ್ತೈತೆ. ಅರ್ಧ ನಾನು ಒರೆಸಿದೀನಿ, ಇನ್ನರ್ಧದ ಮೇಲೆ ಪೆನ್ಸಿಲ್ಲು ಹಂಗೇ ಐತೆ. ತಾವೇ ಒರೆಸಿ ನೋಡ್ಬೇಕು," ಎಂದು ಹತ್ತಿಯನ್ನೂ ಟರ್ಪೆಂಟೈನ್ ಸೀಸೆಯನ್ನೂ ಮುಂದಿಟ್ಟೆ.

ವಕೀಲರು ಆಕ್ಷೇಪಣೆ ಎಂದರು. ಮುನ್ಸೀಫರು ಕನ್ನಡಕ ಬದಲಿಸಿದರು. ಕಿಟಕಿಯ ಹತ್ತಿರ ಹೋಗಿ ನೆಗೆಟಿವನ್ನು ಬೆಳಕಿಗೆ ಹಿಡಿದು, ಹತ್ತಿ ಅದ್ದಿ, ಮಗುವಿನ ಮೂಗು ಒರೆಸುವ ಹಾಗೆ ಮೆಲ್ಲಗೆ ಒರೆಸಿದರು. ಕೋರ್ಟಿಗೆ ಕೋರ್ಟೇ ಟರ್ಪೆಂಟೈನ್ ವಾಸನೆ ಹೊಡೆಯಿತು. ಅವರು ಭೂತಗಾಜು ತರಿಸಿಕೊಂಡು ಬಹಳ ಹೊತ್ತು ನೋಡಿದರು.

"ಪಟ್ಟೆ ಹಿಂದಿನ ಮನೆಯ ಬಾಗಿಲವರೆಗೂ ಇದೆ," ಎಂದರು. "ಇದು ಹಸುವಿನ ಎತ್ತರಕ್ಕೆ ಸರಿಯಾಗಿದೆ. ಮೇಲೆ ಭುಜದ ಮಟ್ಟಕ್ಕೆ ಬೇರೆ ಕಲೆಗಳಿವೆ. ಇವೇನು?"

ನನಗೆ ಗೊತ್ತಿರಲಿಲ್ಲ. ಎರಡು ಮಧ್ಯಾಹ್ನ ಕೂತು ಒಂದೊಂದನ್ನೇ ಅಳಿಸಿದವನು ನಾನು, ಏನೆಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಹಿಂದಿನ ಬೆಂಚಿನಿಂದ ಅಕ್ಕಯ್ಯಮ್ಮ ಎದ್ದು ನಿಂತಳು. "ಅದು ನಮ್ ಯಜಮಾನ್ರ ಕೈ ಸಾಮಿ. ಗಣಿ ಧೂಳು ಎದೆಗೆ ಕೂತು ಕೊನೇ ಎರಡು ವರ್ಸ ಉಸ್ರೇ ಸಾಲ್ತಿರ್ಲಿಲ್ಲ. ನಾಲ್ಕೆಜ್ಜೆಗೊಂದ್ಸಲ ಗೋಡೆ ಇಡ್ಕೊಂಡು ನಿಂತ್ಕೊಳ್ತಿದ್ರು. ನಿಂತಿದ್ ಕಡೆಯೆಲ್ಲ ಕೈ ಬಿದ್ದೈತೆ."

ಮುನ್ಸೀಫರು ಚಿಕ್ಕಮುನಿಯಪ್ಪನ ಕಡೆ ತಿರುಗಿದರು. ವಕೀಲರು, ನಮ್ಮ ಕಕ್ಷಿದಾರರಿಗೆ ಈ ವಿಷಯ ತಿಳಿಯದು ಎಂದು ಶುರುಮಾಡಿದರು.

"ತಿಳೀತು ಬಿಡಿ ವಕೀಲ್ರೇ," ಎಂದರು ಚಿಕ್ಕಮುನಿಯಪ್ಪ. ನೆಲ ನೋಡಿಕೊಂಡು ಅಂದರು: "ನಮ್ಮಣ್ಣನ ಕೈನೇ. ನಾನೇ ಎಷ್ಟೋ ಸಲ ಎದೆಗೆ ಒರಗಿಸ್ಕೊಂಡು ಆ ಓಣೀಲಿ ಒಳಕ್ಕೆ ಕರ್ಕೊಂಡೋಗಿದೀನಿ."

ವಕೀಲರು ಕೂತರು. ಓಣಿಯಿದೆ, ಮನುಷ್ಯರೂ ದನಕರುಗಳೂ ಅದರಲ್ಲಿ ಓಡಾಡಬಹುದು, ಯಾರೂ ಅಡ್ಡಿ ಮಾಡಕೂಡದು ಎಂದು ಆ ವಾರವೇ ಆರ್ಡರಾಯಿತು.

ಸಾಕ್ಷಿ ಹೇಳಿದ ದಿನ ಕೋರ್ಟಿನಿಂದ ಹೊರಗೆ ಬಂದು ಬಂಗಾರಪೇಟೆಯ ರೈಲಿಗೆ ಹೊತ್ತಾಯಿತೆಂದು ಹೊರಟಿದ್ದೆ. ಚಿಕ್ಕಮುನಿಯಪ್ಪ ಹಿಂದಿನಿಂದ ಬಂದು ಜೊತೆಗೆ ನಡೆಯತೊಡಗಿದರು. ಬೈಯುತ್ತಾರೆಂದು ನಾನು ಜೋರಾಗಿ ಹೆಜ್ಜೆ ಹಾಕಿದೆ, ಅವರೂ ಹಾಕಿದರು. ಮೂಲೆ ತಿರುಗಿದ ಮೇಲೆ ಕೇಳಿದರು.

"ಆ ಪಟ ನನಗೊಂದು ಆಕ್ಕೊಡ್ತೀಯೇನಪ್ಪಾ?"

"ಯಾವುದು ಯಜಮಾನ್ರೇ, ಕೆರೆ ಏರಿಯಿಂದ ತೆಗ್ದಿದ್ದಾ?"

"ಅದಲ್ಲ. ಕೈ ಇರೋದು. ನಮ್ಮಣ್ಣ ಪಟ ತೆಗೆಸ್ಕೊಂಡೋನೇ ಅಲ್ಲ. ಮನೇಲಿ ಒಂದೂ ಇಲ್ಲ. ಗೋಡೆ ಮೇಲಿತ್ತು, ನಾನೇ ನಿಂತು ಸುಣ್ಣ ಒಡೆಸ್ದೆ."

ಅಭ್ಯಾಸಬಲದಿಂದ ಯಾವ ಸೈಜು ಎಂದು ಕೇಳಿದೆ. ಅವರು ರಸ್ತೆಯಲ್ಲೇ ನಿಂತು ಬಲಗೈ ಬೆರಳು ಅಗಲಿಸಿ ನನ್ನ ಮುಂದೆ ಹಿಡಿದರು.

"ನಂದೂ ಅವನದೂ ಒಂದೇ ಅಳತೆ," ಅಂದರು. "ಕೈ ಇಷ್ಟು ಬರ್ಬೇಕು."