ಮೇಣದ ಬೆರಳು

“ಅತಿಥಿಗಳು ಆರಾಮಾಗಿದಾರೆ, ಮೇಡಂ,” ಎಂದ ಅಂತ್ಯಸಂಸ್ಕಾರದ ಕಂಪನಿಯ ಮ್ಯಾನೇಜರು.

ಅತಿಥಿಗಳು ಅಂದರೆ ಅಪ್ಪ. ಆರಾಮು ಅಂದರೆ ಎರಡು ದಿನದಿಂದ ಒಳಗಿನ ಶೀತಲ ಕೋಣೆಯಲ್ಲಿ, ತಗಡಿನ ಮಂಚದ ಮೇಲೆ, ಕಾಲಿನ ಹೆಬ್ಬೆರಳಿಗೆ ಚೀಟಿ ಕಟ್ಟಿಸಿಕೊಂಡು ಮಲಗಿರುವುದು. ಗಿಣಿಗೆ ಆ ಮಾತು ಕೇಳಿಯೇ ಹೇಸಿಗೆಯಾಯಿತು. ಆದರೂ ಹುಟ್ಟುಗುಣ ಎಲ್ಲಿ ಹೋಗುತ್ತದೆ? “ಆರಾಆಮಾಗಿದಾಆರೆ” ಎಂದು ಅವನ ದನಿಯನ್ನೇ ಮನಸ್ಸಿನಲ್ಲಿ ಒಮ್ಮೆ ಆಡಿ ನೋಡಿದಳು. ಸರಿಯಾಗಿ ಬಂತು. ಪ್ರತಿ ಮಾತನ್ನೂ ಬಿಸಿಮಾಡಿ, ಕರಗಿಸಿ, ಮೇಲಿನಿಂದ ಸುರಿಯುವ ದನಿ ಅದು. ಅವಳು ಅಲ್ಲೇ ಅವನಿಗೆ ಬೆಣ್ಣೆ ಎಂದು ಹೆಸರಿಟ್ಟಳು.

ಅವಳಿಗೆ ಗಿಣಿ ಎಂದು ಹೆಸರಿಟ್ಟವನು ಅಪ್ಪ. ಬಡಗಿ. ಅವನ ಮರಗೆಲಸದ ಶೆಡ್ಡಿಗೆ ಬಂದ ಗಿರಾಕಿ ಬೀದಿಯ ತಿರುವು ದಾಟುವ ಮೊದಲೇ ಮಗಳು ಅವನ ನಡಿಗೆ, ಕೆಮ್ಮು, ಚೌಕಾಸಿ ಎಲ್ಲವನ್ನೂ ಆಡಿ ತೋರಿಸುತ್ತಿದ್ದಳು. ಅಪ್ಪ ಹಲಗೆ ಹೆರೆಯುತ್ತಿದ್ದ ಹತ್ತರಿ ಕೆಳಗಿಟ್ಟು ನಗುತ್ತಿದ್ದ. ಈಗ ಅವಳಿಗೆ ನಲವತ್ತು. ಅಪ್ಪ ಮೊನ್ನೆ ಮರದ ಡಿಪೋದಲ್ಲಿ ಹಲಗೆ ಆರಿಸುತ್ತ ನಿಂತವನು ಕುಸಿದ. ಆಸ್ಪತ್ರೆ ತಲುಪುವುದರೊಳಗೆ ಮುಗಿದುಹೋಗಿತ್ತು.

ಎಂಟು ವರ್ಷದಿಂದ ಕಣ್ಣು ಕಾಣದ ಅಮ್ಮ ಬೆಳಿಗ್ಗೆ ಕೇಳಿದ್ದು ಒಂದೇ. “ನೀವು ಹೇಳಿದ್ರಿ, ನಾನು ಕೇಳಿಸ್ಕೊಂಡೆ. ಕೈ ಇನ್ನೂ ನಂಬಿಲ್ಲ ಕಣೇ. ಅವರ ಕೈ ಒಂದ್ಸಲ ನನ್ನ ಕೈಗೆ ಕೊಡಿಸು. ಬೇರೇನೂ ಬೇಡ.”

ಕೈ ಎಂದರೆ ಬಲಗೈ, ಅದರ ತೋರುಬೆರಳು. ಅದು ಇದ್ದದ್ದೇ ಅರ್ಧ. ಮೂವತ್ತೇಳು ವರ್ಷದ ಹಿಂದೆ, ಕರೆಂಟು ಹೋಗಿದ್ದಾಗ ಗರಗಸದ ಮೆಷಿನ್ನಿನ ಹುಡಿ ಬಳಿದು ತೆಗೆಯುತ್ತಿದ್ದ ಅಪ್ಪನಿಗೆ, ಕರೆಂಟು ಹೇಳದೆ ಕೇಳದೆ ಬಂದು ಕೊಟ್ಟ ಪೆಟ್ಟು. ತುದಿ ಚೀಲದ ಬಾಯಿ ಕಟ್ಟಿದಂತೆ ಮುದುಡಿಕೊಂಡಿತ್ತು. “ನಾನು ಯಾರಿಗಾದ್ರೂ ಬೆರಳು ತೋರಿಸಿದ್ರೆ ಅರ್ಧ ತಪ್ಪು ಮಾತ್ರ ಅವರದು, ಉಳಿದರ್ಧ ಮಾಫಿ,” ಎನ್ನುತ್ತಿದ್ದ. ಕಣ್ಣು ಹೋದ ಮೇಲೆ ಅಮ್ಮ ಬೀದಿಗಿಳಿಯುವಾಗೆಲ್ಲ ಆ ಮೋಟು ಬೆರಳನ್ನು ಮುಷ್ಟಿಯೊಳಗೆ ಹಿಡಿದು “ನಡೀರಿ” ಎನ್ನುತ್ತಿದ್ದಳು. ಅಪ್ಪ ನಡೆಯುತ್ತಿದ್ದ.

“ಇದು ‘ಚಿರಶಾಂತಿ’, ಇದು ‘ಪರಮ ಚಿರಶಾಂತಿ’,” ಎಂದು ಬೆಣ್ಣೆ, ಸಾಲಾಗಿಟ್ಟ ಶವಪೆಟ್ಟಿಗೆಗಳ ಕಡೆ ಕೈ ಬೀಸಿದ. ಗೋಡೆಯ ಪಕ್ಕ ಪ್ಲಾಸ್ಟಿಕ್ ಹೂವು, ಮೇಜಿನ ಮೇಲೆ ಅಳುವವರಿಗೆಂದು ಟಿಶ್ಯೂ ಡಬ್ಬಿ, ಮೂಲೆಯ ಗಾಜಿನ ತೊಟ್ಟಿಯಲ್ಲಿ ಒಂದೇ ಒಂದು ಬಿಳಚಿದ ಮೀನು.

“ಎರಡಕ್ಕೂ ಏನು ವ್ಯತ್ಯಾಸ?”

“ಪರಮದಲ್ಲಿ ದಿಂಬು ಬರುತ್ತೆ, ಮೇಡಂ.”

ಗಿಣಿ ಪರಮ ಚಿರಶಾಂತಿಯನ್ನು ಬೆರಳ ಗೆಣ್ಣಿನಿಂದ ತಟ್ಟಿದಳು, ಅಪ್ಪ ತಟ್ಟುತ್ತಿದ್ದಂತೆ. ಸದ್ದು ರಟ್ಟಿನದು. ಮೂಲೆಯಲ್ಲಿ ಮೇಲಿನ ಹಾಳೆ ಒಂದಿಷ್ಟು ಎದ್ದಿತ್ತು. ಉಗುರು ಹಾಕಿದರೆ ಈರುಳ್ಳಿ ಸಿಪ್ಪೆಯಂತೆ ಬಿಟ್ಟುಕೊಂಡಿತು. ಒಳಗೆ ಅಂಟು ಕಲಸಿ ಒತ್ತಿದ ಮರದ ಹುಡಿ. ಅಪ್ಪ ಜೀವಮಾನವಿಡೀ ಗುಡಿಸಿ ಹೊರಗೆ ಸುರಿದದ್ದನ್ನೇ ಒಟ್ಟುಮಾಡಿ ಅವನನ್ನು ಅದರಲ್ಲಿ ಮಲಗಿಸಲು ಹೊರಟಿದ್ದರು. ಬಿರುಕಿಗೆ ಅಂಟು ಮೆತ್ತಿ ಬಣ್ಣ ಬಳಿಯುವವರನ್ನು ಕಂಡರೆ ಅಪ್ಪ ಪಕ್ಕಕ್ಕೆ ತಿರುಗಿ ಉಗಿಯುತ್ತಿದ್ದ.

“ಬರೀ ಹಲಗೆಯದು ಇಲ್ವಾ? ಬಣ್ಣ ಬಳೀದೇ ಇರೋದು?”

ಬೆಣ್ಣೆಯ ಮುಖ ಹುಳ್ಳಗಾಯಿತು. “ಹಿಂದುಗಡೆ ಒಂದಿದೆ. ಆದರೆ ಅದು, ಹೇಗೆ ಹೇಳಲಿ, ದಿಕ್ಕಿಲ್ಲದವರಿಗೆ ಅಂತ...”

“ಅದೇ ಇರಲಿ. ನಮ್ಮಪ್ಪನಿಗೆ ಮರ ಯಾವುದು, ಮೋಸ ಯಾವುದು ಗೊತ್ತಾಗ್ತಿತ್ತು.”

ಅಷ್ಟರಲ್ಲಿ ಬೆಣ್ಣೆಯ ಫೋನು ಗುನುಗಿತು. ಅತಿಥಿಗಳು ಸಿದ್ಧರಾಗಿದ್ದಾರೆ ಎಂದ. ನೆಂಟರು ಬರುವ ಮೊದಲು ಮನೆಯವರು ನೋಡಬಹುದು ಎಂದ. ಅಮ್ಮನನ್ನು ಕರೆದುಕೊಂಡು ಅಣ್ಣ ಆಗಲೇ ಬಾಗಿಲಲ್ಲಿದ್ದ.

ದರ್ಶನದ ಕೋಣೆಗೆ ಕಾಲಿಡುತ್ತಲೇ ಗುಲಾಬಿ ಸೆಂಟಿನ ಘಾಟು ಮೂಗಿಗೆ ಬಡಿಯಿತು. ಅದರ ಅಡಿಯಲ್ಲಿ ಇನ್ನೊಂದು ವಾಸನೆ, ಕಕ್ಕಸು ತೊಳೆಯುವ ದ್ರಾವಣದ್ದು. ಅಪ್ಪನ ಕೆನ್ನೆಗೆ ಕೆಂಪು ಹಚ್ಚಿದ್ದರು. ತುಟಿಗೆ ಹೊಳಪು ಬಳಿದಿದ್ದರು. ಬಾಯಿಯೊಳಗೆ ಹತ್ತಿ ತುರುಕಿ, ಯಾರದೋ ಮದುವೆಯ ಫೋಟೊಗೆ ನಿಂತವನಂತೆ ನಗಿಸಿದ್ದರು. ಅಪ್ಪ ನಗುತ್ತಿದ್ದದ್ದು ಒಂದೇ ಪಕ್ಕದಲ್ಲಿ. ಇನ್ನೊಂದು ಪಕ್ಕದಲ್ಲಿ ಸದಾ ಮೊಳೆ ಕಚ್ಚಿಕೊಂಡಿರುತ್ತಿದ್ದ. ಗಿಣಿ ಮುಖ ತಿರುಗಿಸಿದಳು. ಅಮ್ಮನಿಗೆ ಕಣ್ಣು ಕಾಣದ್ದೇ ಒಳ್ಳೆಯದಾಯಿತು ಎನಿಸಿ, ಹಾಗೆ ಎನಿಸಿದ್ದಕ್ಕೆ ತನ್ನ ಮೇಲೂ ಹೇಸಿಗೆಯಾಯಿತು.

“ಎಲ್ಲಿ?” ಎಂದಳು ಅಮ್ಮ.

ಗಿಣಿ ನುಣುಪು ಬಟ್ಟೆ ಸರಿಸಿ, ನೋಡದೆಯೇ, ಅಪ್ಪನ ಬಲಗೈಯ ಮೇಲೆ ಅಮ್ಮನ ಕೈ ಇಟ್ಟಳು. ಅಮ್ಮನ ಬೆರಳುಗಳು ಹಸ್ತ ಸವರಿ, ಹೆಬ್ಬೆರಳು ದಾಟಿ, ತೋರುಬೆರಳಿನ ಮೇಲೆ ನಡೆದವು. ನಿಲ್ಲಬೇಕಾದಲ್ಲಿ ನಿಲ್ಲಲಿಲ್ಲ. ಮುಂದಕ್ಕೆ ಹೋದವು. ಉಗುರು ಸಿಕ್ಕಿತು.

ಅಮ್ಮ ಕೈ ಕಿತ್ತುಕೊಂಡಳು.

“ಇವರಲ್ಲ.”

“ಅಮ್ಮಾ...”

“ಇವರಲ್ಲ ಕಣೇ! ಯಾರದೋ ಹೆಣ ತೋರಿಸ್ತಿದೀರಿ. ಆಸ್ಪತ್ರೇಲಿ ಅದಲುಬದಲಾಗಿದೆ.” ಅವಳ ಮುಖ ಒಮ್ಮೆಲೇ ಅರಳಿತು. ಎರಡು ದಿನದಿಂದ ಕುಗ್ಗಿದ್ದ ಬೆನ್ನು ನೆಟ್ಟಗಾಯಿತು. “ಹಾಗಾದ್ರೆ ಅವರೆಲ್ಲಿ? ಡಿಪೋಗೆ ಫೋನ್ ಮಾಡ್ರೋ! ಇನ್ನೂ ಅಲ್ಲೇ ಕೂತಿರಬೇಕು ನೋಡು!”

ಆ ಮುಖ ನೋಡಲಾಗದೆ ಗಿಣಿ ಕೈ ನೋಡಿದಳು. ಮೋಟು ಬೆರಳಿನ ತುದಿಗೆ ಇನ್ನರ್ಧ ಬೆಳೆದಿತ್ತು. ಮೇಣದ್ದು. ಗುಲಾಬಿ ಉಗುರು, ಗೆಣ್ಣಿನ ಗೆರೆ, ಮೂರು ಎಳೆ ರೋಮ ಕೂಡ ನೆಟ್ಟಿದ್ದರು.

“ಪೂರ್ಣರೂಪ ಸೇವೆ, ಮೇಡಂ,” ಬೆಣ್ಣೆ ಕರಗಿದ. “ಎಡಗೈ ನೋಡ್ಕೊಂಡೇ ಅಳತೆ ಕೂಡಿಸಿರೋದು. ಇಂಥ ಫಿನಿಶಿಂಗು ಬೇರೆಲ್ಲೂ ಸಿಗಲ್ಲ. ಕಿವಿ, ಮೂಗು, ಎಲ್ಲ ಸೈಜಿನದೂ ನಮ್ಮಲ್ಲಿ ರೆಡಿ ಇರುತ್ತೆ.”

“ಯಾರ್ರೀ ಕೇಳಿದ್ದು ನಿಮ್ಮನ್ನ?”

ಬೆಣ್ಣೆ ಅಣ್ಣನ ಕಡೆ ನೋಡಿದ. ಅಣ್ಣ ನೆಲ ನೋಡಿದ.

“ಓಹೋ,” ಗಿಣಿ ಅಣ್ಣನ ಕಡೆ ತಿರುಗಿದಳು. “ನಿನ್ನ ಆಫೀಸಿನೋರು ಬರ್ತಾರಲ್ಲ! ಅಪ್ಪ ಮೋಟು ಕೈಯಲ್ಲಿ ಮಲಗಿದ್ರೆ ನಿನ್ನ ಮರ್ಯಾದೆಗೆ ಮುಕ್ಕು. ನಾಲ್ಕು ಜನ ನೋಡ್ತಾರೆ ಅಂತ ಅಪ್ಪನಿಗೇ ಪಾಲಿಶ್ ಹೊಡೆಸಿದೀಯ. ಥೂ!”

“ಅವತ್ತು ಕರೆಂಟ್ ಹೋಗಿರ್ಲಿಲ್ಲ, ಗಿಣಿ.”

“ಏನು?”

“ಕರೆಂಟ್ ಹೋಗೂ ಇರ್ಲಿಲ್ಲ, ಬಂದೂ ಇರ್ಲಿಲ್ಲ.” ಅಣ್ಣನ ದನಿ ಅವತ್ತಿನ ಆರು ವರ್ಷದ ಹುಡುಗನದಾಗಿತ್ತು. ಯಾರ ದನಿಯನ್ನಾದರೂ ಹಿಡಿಯಬಲ್ಲ ಗಿಣಿ ಇದನ್ನು ಎಂದೂ ಕೇಳಿರಲಿಲ್ಲ. “ಸ್ವಿಚ್ ಹಾಕಿದ್ದು ನಾನು. ಅಪ್ಪ ಮೆಷಿನ್ ಹಿಂದೆ ಬಗ್ಗಿದಾರೆ ಅಂತ ಗೊತ್ತಿರ್ಲಿಲ್ಲ. ಅಪ್ಪ ಕೈಗೆ ಬಟ್ಟೆ ಸುತ್ಕೊಂಡು ಮೊದಲು ಅಂದಿದ್ದೇ, ಕರೆಂಟ್ ಬಂತು ಕಣೋ, ಅಂತ. ಆಮೇಲೆ ಎಲ್ಲರಿಗೂ ಅದನ್ನೇ ಅಂದ್ರು. ಕೊನೇಗಾದ್ರೂ ಪೂರ್ತಿ ಮಾಡಿ ಕಳಿಸೋಣ ಅಂತ...”

ಗಿಣಿಯ ಹೇಸಿಗೆ ಕಡಿಮೆಯಾಗಲಿಲ್ಲ. ಅದನ್ನು ಯಾರ ಮೇಲೆ ಹಾಕಬೇಕೆಂದು ತಿಳಿಯದಾಯಿತು, ಅಷ್ಟೇ. ಕೊನೆಗೆ ಮೇಣದ ಮೇಲೆ ಹಾಕಿದಳು. ಅದನ್ನು ಹಿಡಿದು ಎಳೆದಳು. ತಣ್ಣಗಿತ್ತು, ಜಿಗುಟಾಗಿತ್ತು, ಅಪ್ಪನ ಚರ್ಮವೂ ಜೊತೆಗೆ ಬರುತ್ತದೇನೋ ಎಂಬಂತೆ ಹಿಗ್ಗಿತು. ಆಮೇಲೆ ಪಚ್ಚೆಂದು ಕಳಚಿ, ಅಂಟಿನ ಎಳೆ ಬಿಡುತ್ತ ಕೈಗೆ ಬಂತು. ಅದನ್ನು ಅಲ್ಲಿಯೂ ಇಟ್ಟಿದ್ದ ಟಿಶ್ಯೂ ಡಬ್ಬಿಯೊಳಗೆ ತುರುಕಿದಳು.

“ಮೇಡಂ, ಒಮ್ಮೆ ಅಂಟಿಸಿದ್ದನ್ನ ನಾವು ವಾಪಸ್...”

“ಬಿಸಿನೀರು ತನ್ನಿ. ಬಟ್ಟೆ ತನ್ನಿ. ಆಮೇಲೆ ಹೊರಗಿರಿ.” ಈ ಸಲ ಬಂದದ್ದು ಅಪ್ಪನ ದನಿ. ಅವಳು ತರಿಸಿದ್ದಲ್ಲ, ತಾನಾಗಿಯೇ ಬಂದಿತ್ತು. ಬೆಣ್ಣೆ ಹೋದ.

ಅಮ್ಮ ಇನ್ನೂ ಅದೇ ಅರಳಿದ ಮುಖ ಹೊತ್ತು ನಿಂತಿದ್ದಳು. ಕೇಳಿಸಿಕೊಂಡಿದ್ದಳು, ಆದರೆ ಕೈಗೆ ಇನ್ನೂ ತಲುಪಿರಲಿಲ್ಲ. ಗಿಣಿ ಅವಳ ಕೈಯನ್ನು ಮತ್ತೆ ಅಲ್ಲಿಟ್ಟಳು. ಬೆರಳುಗಳು ಹೆದರುತ್ತ ಹೋಗಿ, ಗೆಣ್ಣು ದಾಟಿ, ಮುದುಡಿದ ತುದಿಯಲ್ಲಿ ನಿಂತವು. ಅಮ್ಮನ ಬೆನ್ನು ಮೆಲ್ಲಗೆ ಬಾಗಿತು. ಆ ಮುಖವನ್ನು ಗಿಣಿ ಈಗಲೂ ನೋಡಲಿಲ್ಲ.

“ಅವರೇ,” ಎಂದಳು ಅಮ್ಮ.

“ಅಮ್ಮಾ, ಸ್ವಿಚ್...” ಅಣ್ಣ ಶುರುಮಾಡಿದ.

“ಕರೆಂಟ್ ಬಂತು ಅಂದಿದಾರೆ ಅವರು. ಈಗ ನೀನ್ಯಾಕೋ ಅವರನ್ನ ಸುಳ್ಳುಗಾರ ಮಾಡ್ತೀಯ?” ಅಮ್ಮ ಮೂಗು ಸಿಂಡರಿಸಿದಳು. “ಮೊದಲು ಇದೇನೋ ಮೆತ್ತಿದಾರಲ್ಲ, ಇದನ್ನ ತೊಳಿ. ಯಾವುದೋ ನಾಟಕದ ಕಂಪನಿಗೆ ಬಂದ ಹಾಗಿದೆ ವಾಸನೆ. ಥೂ.”

ನೀರು ಬಂತು. ಅಣ್ಣ ತೋಳು ಮಡಚಿ ಅಪ್ಪನ ಕೈ ತೊಳೆದ. ಬೋಗುಣಿಯ ನೀರು ಚರ್ಮದ ಬಣ್ಣಕ್ಕೆ ತಿರುಗಿತು. ಗೆಣ್ಣಿನ ಸುತ್ತಲಿನ ಅಂಟನ್ನು ಉಗುರಿನಿಂದ, ಒಂದೊಂದೇ ಎಳೆ, ಆತುರವಿಲ್ಲದೆ ಬಿಡಿಸಿದ. ಗಿಣಿ ಕೆನ್ನೆಯ ಕೆಂಪು ಒರೆಸಿದಳು, ತುಟಿಯ ಹೊಳಪು ಒರೆಸಿದಳು. ಆ ನಗುವಿಗೆ ಮಾತ್ರ ಏನೂ ಮಾಡಲಾಗಲಿಲ್ಲ.

ಎಲ್ಲ ಮುಗಿದ ಮೇಲೆ ಅಮ್ಮ ಮೋಟು ಬೆರಳನ್ನು ಮುಷ್ಟಿಯೊಳಗೆ ಹಿಡಿದಳು.

“ನಡೀರಿ,” ಎಂದಳು.

ಸ್ವಲ್ಪ ಹೊತ್ತು ಹಾಗೇ ನಿಂತಿದ್ದು, ಮುಷ್ಟಿ ಬಿಚ್ಚಿದಳು.